ತೇವ ಆರದ ಹುಲ್ಲಿಗೆ ಒಂದು, ಸತ್ವ ಇಲ್ಲದ ಹುಲ್ಲಿಗೆ ಇನ್ನೊಂದು: ಒಣಮೇವಿನ ಉಪಚಾರಗಳ ಹೋಲಿಕೆ

ಚಿತ್ತಿ, ಸ್ವಾತಿ ಮಳೆ ಬಿಡದೆ ಹಿಡಿದ ವರ್ಷ ಹಾನಗಲ್ಲ, ಶಿಗ್ಗಾವಿ, ಕಲಘಟಗಿ ಕಡೆ ಕೊಯ್ದು ಹಾಕಿದ ಕರಡ (ಗುಡ್ಡ, ಬಯಲಿನ ಹುಲ್ಲು) ಮೂರ್ನಾಲ್ಕು ದಿನವಾದರೂ ಆರುವುದಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಕಡೆ ತೆನೆ ಮುರಿದ ಗೋವಿನಜೋಳದ (ಮೆಕ್ಕೆಜೋಳದ) ಸೊಪ್ಪೆ ಹೊಲದಲ್ಲೇ ತೊಯ್ದು ಕರ್ರಗಾಗುತ್ತದೆ. ಆಗ ಗೊಬ್ಬರದ ಅಂಗಡಿಯಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಹುಲ್ಲಿಗೆ ಹೊಡಿಯಾಕ ಏನರ ಐತೇನ್ರಿ?" ಇದಕ್ಕೆ ಉತ್ತರ ಕೊಡುವ ಮೊದಲು ಹುಲ್ಲಿಗೆ ಏನಾಗಿದೆ ಎಂಬುದು ಗೊತ್ತಾಗಬೇಕು.

ಒಣಮೇವಿಗೆ ಬರುವ ತೊಂದರೆ ಎರಡು. ಒಂದು, ತೇವ ಪೂರ್ತಿ ಆರಿಲ್ಲ. ಬಣವೆ ಹಾಕಿದರೆ ಬೂಷ್ಟು ಹಿಡಿದು ಬಿಸಿಯಾಗುತ್ತದೆ. ಇನ್ನೊಂದು, ಹುಲ್ಲು ಚೆನ್ನಾಗಿ ಒಣಗಿದೆ, ಆದರೆ ಬಲಿತು ಕಟ್ಟಿಗೆಯಂತಾಗಿ ಅದರಲ್ಲಿ ಪ್ರೋಟೀನ್ ಉಳಿದಿಲ್ಲ, ಇರುವ ನಾರೂ ದನದ ಹೊಟ್ಟೆಯಲ್ಲಿ ಕರಗುವುದಿಲ್ಲ. ಪ್ರೊಪಿಯಾನಿಕ್ ಆಮ್ಲ ಮೊದಲನೆಯದಕ್ಕೆ, ಯೂರಿಯಾ ಎರಡನೆಯದಕ್ಕೆ. ಉಪ್ಪು ಮೊದಲನೆಯದಕ್ಕೆ ಅಲ್ಪಸ್ವಲ್ಪ ಆಸರೆ. ಸುಣ್ಣ ಮತ್ತು ಕಾಸ್ಟಿಕ್ ಸೋಡಾ ಎರಡನೆಯದಕ್ಕೆ ಇವೆ, ಆದರೆ ನಮ್ಮ ಕಡೆ ಬೇಡ. ಕಾಕಂಬಿ (ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುವ ಮಂದ ಪಾಕ) ಇವೆರಡಕ್ಕೂ ಸೇರುವುದಿಲ್ಲ. ಅದು ರುಚಿ ಮತ್ತು ಶಕ್ತಿಗೆ. ಇವನ್ನು ಅದಲು ಬದಲು ಮಾಡಿದರೆ ದುಡ್ಡು ಹೋಗುವುದಷ್ಟೇ ಅಲ್ಲ, ಕೆಲವು ಸಲ ದನವೇ ಹೋಗುತ್ತದೆ. ಹಸಿರು ಉಳಿದಿರುವ ಒಳ್ಳೆಯ ಹುಲ್ಲಿಗೆ ಯೂರಿಯಾ ಕೊಟ್ಟರೆ ಅದು ವಿಷವಾಗಬಹುದು. ಸತ್ವವಿಲ್ಲದ ಭತ್ತದ ಹುಲ್ಲಿಗೆ ಪ್ರೊಪಿಯಾನಿಕ್ ಆಮ್ಲ ಸುರಿದರೆ ಪ್ರೋಟೀನ್ ಒಂದು ಗ್ರಾಂ ಕೂಡ ಏರುವುದಿಲ್ಲ.

ಮೊದಲು ತೇವ ಅಳೆಯಿರಿ

ಒಂದು ಹಿಡಿ ಹುಲ್ಲು ತಿರುಚಿದಾಗ ಚಟಚಟ ಮುರಿದರೆ ಒಣಗಿದೆ, ಬಳುಕಿದರೆ ಇಲ್ಲ ಎಂಬುದು ಎಲ್ಲರಿಗೂ ಗೊತ್ತು. ದಂಟಿನ ಗೆಣ್ಣನ್ನು ಉಗುರಿನಿಂದ ಕೆರೆದು ನೋಡುವುದು ಇನ್ನೂ ಒಳ್ಳೆಯದು, ಏಕೆಂದರೆ ಎಲೆ ಒಣಗಿದರೂ ಗೆಣ್ಣು ತೇವ ಹಿಡಿದುಕೊಂಡಿರುತ್ತದೆ. ಔಷಧದ ಅಳತೆಗೆ ಮಾತ್ರ ಕೈಯಂದಾಜು ಸಾಲದು, ಅಂಕಿ ಬೇಕು. ಹತ್ತು ಕಡೆಯಿಂದ ಹುಲ್ಲು ಕಿತ್ತು ಸಣ್ಣಗೆ ಕತ್ತರಿಸಿ 100 ಗ್ರಾಂ ತೂಗಿ. ಅಗಲ ಬಾಣಲೆಯಲ್ಲಿ ಬಹಳ ಸಣ್ಣ ಉರಿಯ ಮೇಲೆ, ಹತ್ತದಂತೆ ಕೈಯಾಡಿಸುತ್ತ ಒಣಗಿಸಿ. ಹದಿನೈದು ನಿಮಿಷಕ್ಕೊಮ್ಮೆ ತೂಗಿ. ಎರಡು ಸಲ ತೂಕ ಒಂದೇ ಬಂತೆಂದರೆ ನಿಲ್ಲಿಸಿ. 100 ಗ್ರಾಂ 78ಕ್ಕೆ ನಿಂತರೆ ತೇವ 22 ಪ್ರತಿಶತ. ಕಿರಾಣಿ ಅಂಗಡಿಯ ಡಿಜಿಟಲ್ ತಕ್ಕಡಿ ಇದಕ್ಕೆ ಸಾಕು.

ಸಡಿಲವಾಗಿ ಒಟ್ಟುವ ಬಣವೆಗೆ 15ರಿಂದ 18 ಪ್ರತಿಶತ ತೇವ ನಡೆಯುತ್ತದೆ. ಯಂತ್ರದಲ್ಲಿ ಬಿಗಿಯಾಗಿ ಕಟ್ಟಿದ ಸುರುಳಿಗೆ ಗಾಳಿಯಾಡುವುದಿಲ್ಲವಾದ್ದರಿಂದ 15ರ ಒಳಗೇ ಇದ್ದರೆ ಒಳ್ಳೆಯದು. 20 ದಾಟಿದರೆ ಬೂಷ್ಟಿನ ಕೆಲಸ ಶುರು. ಅದು ಹುಲ್ಲಿನ ಸಕ್ಕರೆ ತಿಂದು ಶಾಖ ಮತ್ತು ನೀರು ಬಿಡುತ್ತದೆ, ಆ ನೀರಿನಿಂದ ಮತ್ತಷ್ಟು ಬೂಷ್ಟು. ಶಾಖ ಏರಿದಂತೆ ಪ್ರೋಟೀನ್ ಸಕ್ಕರೆಗೆ ಅಂಟಿಕೊಂಡು ಹುಲ್ಲು ಹೊಗೆಸೊಪ್ಪಿನ ಬಣ್ಣಕ್ಕೆ ತಿರುಗುತ್ತದೆ. ಕಾಸಿದ ಬೆಲ್ಲದಂಥ ವಾಸನೆಗೆ ದನ ಅದನ್ನು ಇಷ್ಟಪಟ್ಟು ತಿನ್ನುತ್ತದೆ, ಆದರೆ ಆ ಪ್ರೋಟೀನ್ ಮೈಗೆ ಹತ್ತುವುದಿಲ್ಲ, ಸಗಣಿಯಲ್ಲಿ ಹೋಗುತ್ತದೆ.

ಸಂಶಯವಿರುವ ಬಣವೆಯ ನಡುವಿನತನಕ ಕಬ್ಬಿಣದ ಸಲಾಕೆ ಚುಚ್ಚಿ ಇಪ್ಪತ್ತು ನಿಮಿಷ ಬಿಡಿ. ಎಳೆದಾಗ ತುದಿಯನ್ನು ಮುಟ್ಟಿ ಹಿಡಿದುಕೊಳ್ಳಲು ಆಗದಿದ್ದರೆ ಒಳಗೆ ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದೆ ಎಂದು ತಿಳಿಯಿರಿ. 80ರ ಹತ್ತಿರ ಹೋದರೆ ತಾನಾಗಿ ಬೆಂಕಿ ಹತ್ತಬಹುದು. ಅಂಥ ಬಣವೆಯ ಮೇಲೆ ಹತ್ತಬೇಡಿ, ಒಳಗೆ ಸುಟ್ಟು ಪೊಳ್ಳಾಗಿರುತ್ತದೆ. ನೀರು, ಜನ ಸಿದ್ಧವಿಲ್ಲದೆ ಬಿಚ್ಚಲೂಬೇಡಿ; ಗಾಳಿ ತಾಗಿದ ಕ್ಷಣ ಉರಿ ಏಳುತ್ತದೆ. ಈ ಅಪಾಯ ಒಟ್ಟಿದ ಮೊದಲ ಒಂದೂವರೆ ತಿಂಗಳಲ್ಲಿ ಹೆಚ್ಚು.

ಪ್ರೊಪಿಯಾನಿಕ್ ಆಮ್ಲ: ತೇವಕ್ಕೆ ಮಾತ್ರ

ದನದ ಹೊಟ್ಟೆಯಲ್ಲಿ ನಾರು ಹುದುಗುವಾಗ ಈ ಆಮ್ಲ ದಿನವೂ ಹುಟ್ಟುತ್ತದೆ, ಆದ್ದರಿಂದ ಮೇವಿನಲ್ಲಿ ಇದ್ದರೆ ಬಾಧೆಯಿಲ್ಲ. ಬೂಷ್ಟನ್ನು ತಡೆಯುವುದು ಇದರ ಕೆಲಸ, ಕೊಂದು ಹಾಕುವುದಲ್ಲ. ಆಗಲೇ ಬೂಷ್ಟು ಹಿಡಿದ ಹುಲ್ಲಿಗೆ ಹೊಡೆದರೆ ಲಾಭವಿಲ್ಲ.

ತೇವ 20ರಿಂದ 25 ಪ್ರತಿಶತ ಇದ್ದರೆ ಒಂದು ಟನ್ ಹುಲ್ಲಿಗೆ ಸುಮಾರು 5 ಕೆಜಿ, 25ರಿಂದ 30 ಇದ್ದರೆ ಸುಮಾರು 10 ಕೆಜಿ ಶುದ್ಧ ಆಮ್ಲ ಬೀಳಬೇಕು. ಡಬ್ಬಿಯಲ್ಲಿರುವುದು ಶುದ್ಧ ಆಮ್ಲವಾಗಿರುವುದು ಕಡಿಮೆ. ಚೀಟಿ ಓದಿ ಲೆಕ್ಕ ಹಾಕಿ. 65 ಪ್ರತಿಶತ ಎಂದಿದ್ದರೆ 5 ಕೆಜಿ ಆಮ್ಲಕ್ಕೆ 7.7 ಕೆಜಿ ದ್ರಾವಣ ಬೇಕು. ಈ ಲೆಕ್ಕ ಬಿಟ್ಟು ಅರ್ಧ ಪ್ರಮಾಣ ಹೊಡೆಯುವುದೇ ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. 30 ದಾಟಿದ ಹುಲ್ಲಿಗೆ ಆಮ್ಲದ ಖರ್ಚು ಏರುತ್ತಲೇ ಹೋಗುತ್ತದೆ, ನಂಬಿಕೆ ಮಾತ್ರ ಇಳಿಯುತ್ತದೆ. ಅದನ್ನು ಇನ್ನೊಂದು ದಿನ ಹರವಿ ಒಣಗಿಸಿ, ಇಲ್ಲವೇ ಹಸಿಯಿರುವಾಗಲೇ ರಸಮೇವಿಗೆ (ಗಾಳಿಯಾಡದಂತೆ ಒತ್ತಿ ಹುದುಗಿಸುವ ಮೇವು, ಸೈಲೇಜ್) ತುಂಬಿ.

ಹುಲ್ಲು ಕಟ್ಟುವ ಯಂತ್ರದ ಬಾಯಿಗೆ ಸಿಂಪರಣೆ ಜೋಡಿಸಿದರೆ ಎಲ್ಲ ಕಡೆ ಸಮನಾಗಿ ಬೀಳುತ್ತದೆ. ಬಾಡಿಗೆಗೆ ಬರುವ ಯಂತ್ರಗಳಲ್ಲಿ ಅದು ಇರದಿದ್ದರೆ ಒಟ್ಟುವಾಗಲೇ ಅರ್ಧ ಅಡಿ ಪದರಕ್ಕೊಮ್ಮೆ ಪ್ಲಾಸ್ಟಿಕ್ ಪಂಪಿನಿಂದ ಹೊಡೆಯಬೇಕು. ನೀರು ಬೆರೆಸಿದಷ್ಟೂ ತೇವ ಏರುತ್ತದೆ. ಟನ್ನಿಗೆ 10 ಲೀಟರ್ ಮೀರಬೇಡಿ. ಮೊದಲು ನೀರು, ಆಮೇಲೆ ಅದಕ್ಕೆ ಆಮ್ಲ, ಹಿಂದುಮುಂದು ಮಾಡಬೇಡಿ. ಕೈಗವಸು, ಕನ್ನಡಕ ಬೇಕೇ ಬೇಕು. ಹಿತ್ತಾಳೆ ನಳಿಕೆ, ಕಬ್ಬಿಣದ ಚೌಕಟ್ಟು ತುಕ್ಕು ಹಿಡಿಯುತ್ತವೆ, ಕೆಲಸ ಮುಗಿದ ಕೂಡಲೇ ಸಾಕಷ್ಟು ನೀರಿನಿಂದ ತೊಳೆಯಿರಿ. ಅಮೋನಿಯಂ ಪ್ರೊಪಿಯೊನೇಟ್ ರೂಪದಲ್ಲಿ ಬರುವ ಪಳಗಿಸಿದ ದ್ರಾವಣ ಲೋಹವನ್ನೂ ಚರ್ಮವನ್ನೂ ಅಷ್ಟು ತಿನ್ನುವುದಿಲ್ಲ. ಎರಡೂ ಸಿಕ್ಕರೆ ಅದನ್ನೇ ಆರಿಸಿ. ಕೋಳಿ ಆಹಾರಕ್ಕೆ ಬೆರೆಸುವ ಕ್ಯಾಲ್ಸಿಯಂ ಪ್ರೊಪಿಯೊನೇಟ್ ಪುಡಿ ಹುಲ್ಲಿನ ಎಳೆಗೆ ಅಂಟುವುದಿಲ್ಲ, ಉದುರಿ ತಳ ಸೇರುತ್ತದೆ.

ಈ ಆಮ್ಲ ನಿಧಾನವಾಗಿ ಹಾರಿಹೋಗುತ್ತದೆ. ಮಿರಗದ ಮಳೆ ಬಂದು ಗಾಳಿ ತೇವವಾದಾಗ ಉಪಚರಿಸಿದ ಹುಲ್ಲೂ ತೇವ ಎಳೆದುಕೊಳ್ಳುತ್ತದೆ. ಆದ್ದರಿಂದ ಇಂಥ ಮೇವನ್ನು ಬೇಸಿಗೆಯಲ್ಲೇ ಮೊದಲು ಖಾಲಿ ಮಾಡಿ, ಬಿಸಿಲಲ್ಲಿ ಒಣಗಿದ್ದನ್ನು ಮಳೆಗಾಲಕ್ಕೆ ಇಡಿ. ಸಾಮಾನ್ಯ ಕರಡಕ್ಕೆ ಇಷ್ಟು ಖರ್ಚು ಹೊಂದುವುದಿಲ್ಲ ಎಂಬುದೇ ನಮ್ಮ ಅಭಿಪ್ರಾಯ. ಹೂಬಿಡುವಾಗ ಕೊಯ್ದ ಓಟ್ಸ್, ಮೇವಿನ ಜೋಳ, ಕುದುರೆಮಸಾಲೆಯಂಥ ಬೆಲೆಯುಳ್ಳ ಮೇವು ಮೋಡದಡಿ ಸಿಕ್ಕಿಕೊಂಡಾಗ ಮಾತ್ರ ಹೊಂದುತ್ತದೆ.

ಹರಳುಪ್ಪು

ಬಣವೆ ಒಟ್ಟುವಾಗ ಪದರಕ್ಕೊಂದು ಹಿಡಿ ಉಪ್ಪು ಎರಚುವ ರೂಢಿ ಹಳೆಯದು, ತಪ್ಪೂ ಅಲ್ಲ. ಟನ್ನಿಗೆ 10 ಕೆಜಿ ಸಾಕು. ಎಳೆಯ ಮೇಲಿನ ತೇವವನ್ನು ಉಪ್ಪು ಹಿಡಿದಿಡುವುದರಿಂದ ಬೂಷ್ಟಿಗೆ ನೀರು ಸಿಗುವುದು ತಡವಾಗುತ್ತದೆ. 18, 19 ಪ್ರತಿಶತ ತೇವದಲ್ಲಿ ಇದು ಅಂಚಿನ ರಕ್ಷಣೆ. 25ರಲ್ಲಿ ಯಾವ ರಕ್ಷಣೆಯೂ ಅಲ್ಲ. ದನ ರುಚಿಗೆ ಹೆಚ್ಚು ತಿನ್ನುವುದು, ಹೆಚ್ಚು ನೀರು ಕುಡಿಯುವುದು ಜೊತೆಗೆ ಬರುವ ಲಾಭ.

ಯೂರಿಯಾ ಉಪಚಾರ: ನಮ್ಮ ಕಡೆ ಹೆಚ್ಚು ಕೆಲಸಕ್ಕೆ ಬರುವುದು ಇದೇ

ಭತ್ತದ ಹುಲ್ಲು, ಬೀಜ ಉದುರಿದ ಮೇಲೆ ಕೊಯ್ದ ಕರಡ, ಗೋವಿನಜೋಳದ ದಂಟು: ಇವುಗಳಲ್ಲಿ ನಾರು ಲಿಗ್ನಿನ್ ಎಂಬ ಗಟ್ಟಿ ಪದಾರ್ಥದೊಂದಿಗೆ ಹೆಣೆದುಕೊಂಡಿರುತ್ತದೆ. ಹೊಟ್ಟೆಯ ಸೂಕ್ಷ್ಮಜೀವಿಗಳು ಒಳಗೆ ಹೋಗಲಾರವು. ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಹುಲ್ಲಿಗೆ ಚಿಮುಕಿಸಿ ಗಾಳಿಯಾಡದಂತೆ ಮುಚ್ಚಿದರೆ, ಹುಲ್ಲಿನ ಮೇಲಿರುವ ಸೂಕ್ಷ್ಮಜೀವಿಗಳ ಯೂರಿಯೇಸ್ ಎಂಬ ಕಿಣ್ವ ಅದನ್ನು ಒಡೆದು ಅಮೋನಿಯಾ ಮಾಡುತ್ತದೆ. ಆ ಅಮೋನಿಯಾ ಹೆಣಿಗೆಯನ್ನು ಸಡಿಲಿಸುತ್ತದೆ, ಬೂಷ್ಟನ್ನು ತಡೆಯುತ್ತದೆ, ಒಂದಷ್ಟು ಹುಲ್ಲಿನಲ್ಲೇ ಉಳಿದು ಪ್ರೋಟೀನಿನ ಲೆಕ್ಕಕ್ಕೆ ಸೇರುತ್ತದೆ. 3ರಿಂದ 4 ಪ್ರತಿಶತ ಪ್ರೋಟೀನ್ ಇದ್ದ ಭತ್ತದ ಹುಲ್ಲು 7ರಿಂದ 8ಕ್ಕೆ ಏರುತ್ತದೆ.

ಅಳತೆ: 100 ಕೆಜಿ ಒಣ ಹುಲ್ಲಿಗೆ 4 ಕೆಜಿ ಯೂರಿಯಾ, 50 ಲೀಟರ್ ನೀರು. ಒಂದು ಟನ್ನಿಗೆ 40 ಕೆಜಿ ಮತ್ತು 500 ಲೀಟರ್. 45 ಕೆಜಿಯ ಒಂದು ಚೀಲದಲ್ಲಿ ಒಂದು ಟನ್ ಮುಗಿದು ಸ್ವಲ್ಪ ಉಳಿಯುತ್ತದೆ. ಚೀಲಕ್ಕೆ 266 ರೂಪಾಯಿ 50 ಪೈಸೆಯ ದರದಲ್ಲಿ ಟನ್ನಿಗೆ ಬೀಳುವ ಯೂರಿಯಾ ಖರ್ಚು ಸುಮಾರು 237 ರೂಪಾಯಿ. ನಿಜವಾದ ಖರ್ಚು ಹೊದಿಕೆಯದ್ದು. ನ್ಯಾನೊ ಯೂರಿಯಾ ಬಾಟಲಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. 4 ಕೆಜಿ ಹರಳು ಯೂರಿಯಾದಲ್ಲಿ 1.84 ಕೆಜಿ ಸಾರಜನಕವಿದೆ, ಬಾಟಲಿಯಲ್ಲಿರುವುದು ಗ್ರಾಂ ಲೆಕ್ಕದ್ದು.

ಆ 1.84 ಕೆಜಿ ಸಾರಜನಕವನ್ನು 6.25ರಿಂದ ಗುಣಿಸಿದರೆ 11.5 ಕೆಜಿ ಪ್ರೋಟೀನಿಗೆ ಸಮ. ಹುಲ್ಲಿನಲ್ಲಿ ಏರುವುದು 4 ಕೆಜಿಯಷ್ಟೇ. ಉಳಿದದ್ದು ತೆರೆದಾಗ ಗಾಳಿಗೆ ಹೋಗುತ್ತದೆ. ಇಷ್ಟು ಹೋಗುತ್ತದಲ್ಲ ಎಂದು ಯೂರಿಯಾ 2 ಕೆಜಿಗೆ ಇಳಿಸುವವರಿದ್ದಾರೆ. ಹಾಗೆ ಮಾಡಬೇಡಿ. 3ಕ್ಕಿಂತ ಕಡಿಮೆಯಾದರೆ ಅಮೋನಿಯಾ ಸಾಲದೆ ಆ ಒದ್ದೆ ಹುಲ್ಲು ನೇರವಾಗಿ ಬೂಷ್ಟಿಗೆ ಹೋಗುತ್ತದೆ. 5ಕ್ಕಿಂತ ಏರಿಸಿದರೂ ಸಿಗುವ ಲಾಭ ಅತ್ಯಲ್ಪ.

ನೀರು ನಿಲ್ಲದ ಎತ್ತರದ ಜಾಗ ಆರಿಸಿ ತಳಕ್ಕೆ ಪಾಲಿಥೀನ್ ಹಾಳೆ ಹಾಸಿ. ದಂಟು ದಪ್ಪವಿದ್ದರೆ ಮೇವು ಕತ್ತರಿಸುವ ಯಂತ್ರಕ್ಕೆ ಕೊಡಿ. ಗೋವಿನಜೋಳಕ್ಕಂತೂ ಇದು ಕಡ್ಡಾಯ, ಇಡೀ ದಂಟಿನೊಳಗೆ ದ್ರಾವಣ ಇಳಿಯುವುದಿಲ್ಲ. 100 ಕೆಜಿ ಹುಲ್ಲು ತೂಗಿ ಅರ್ಧ ಅಡಿ ದಪ್ಪಕ್ಕೆ ಹರವಿ. 4 ಕೆಜಿ ಯೂರಿಯಾ 50 ಲೀಟರಿನಲ್ಲಿ ಹರಳು ಉಳಿಯದಂತೆ ಪೂರ್ತಿ ಕರಗಿದ ಮೇಲೆ ತೋಟಕ್ಕೆ ನೀರು ಹಾಕುವ ಝಾರಿಯಿಂದ ಸಮನಾಗಿ ಚಿಮುಕಿಸಿ. ತುಳಿದು ಒತ್ತಿ. ಮೇಲೆ ಮತ್ತೊಂದು ಪದರ. ಒಂದೊಂದು ಪದರಕ್ಕೂ ದ್ರಾವಣವನ್ನು ಬೇರೆಯಾಗಿ ಅಳೆದು ಕಲಸುವುದು ಬೇಸರದ ಕೆಲಸವೆನಿಸಿದರೂ ಬಿಡಬೇಡಿ. ದೊಡ್ಡ ಬ್ಯಾರೆಲ್ಲಿನಲ್ಲಿ ಕಲಸಿಟ್ಟು ಕಣ್ಣಂದಾಜಿನಲ್ಲಿ ಹಾಕಿದರೆ ಕೆಳಗಿನ ಪದರ ತೊಯ್ದು ಕೊಳೆಯುತ್ತದೆ, ಮೇಲಿನ ಪದರಕ್ಕೆ ಏನೂ ಉಳಿಯುವುದಿಲ್ಲ. ಕೊನೆಗೆ ಮೇಲೆ ಹಾಳೆ ಹೊದಿಸಿ, ತಳದ ಹಾಳೆಯ ಅಂಚಿನೊಂದಿಗೆ ಸೇರಿಸಿ ಸುತ್ತಿ, ಸುತ್ತಲೂ ಮಣ್ಣು ಏರಿಸಿ. ತಾಡಪತ್ರಿ ಬಳಸುವುದಾದರೆ ತೂತಿಲ್ಲದ್ದು ಬೇಕು. ನಾಯಿ ಹತ್ತಿ ಮಲಗುತ್ತವೆ, ಹೆಗ್ಗಣ ಕೊರೆಯುತ್ತವೆ. ಸುತ್ತ ಮುಳ್ಳಿನ ಬೇಲಿ ಹಾಕಿ, ವಾರಕ್ಕೊಮ್ಮೆ ಸುತ್ತಿ ನೋಡಿ. ಅಮೋನಿಯಾ ವಾಸನೆ ಹೊರಗೆ ಬರುವ ಕಡೆ ತೂತಿದೆ, ಅಂಟುಪಟ್ಟಿ ಹಚ್ಚಿ.

ಮುಚ್ಚಿಡುವ ಅವಧಿ 21 ದಿನ. ಡಿಸೆಂಬರ್, ಜನವರಿಯ ಚಳಿಯಲ್ಲಿ 28 ದಿನ ಬಿಡಿ. ಬೇಗ ತೆರೆದರೆ ಒಡೆಯದ ಯೂರಿಯಾ ಹುಲ್ಲಿನಲ್ಲೇ ಉಳಿದು ದನದ ಹೊಟ್ಟೆ ಸೇರುತ್ತದೆ. ಸರಿಯಾಗಿ ಆಗಿದ್ದರೆ ಹುಲ್ಲು ಹೊಂಬಣ್ಣದಿಂದ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ, ವಾಸನೆಗೆ ಕಣ್ಣು ಉರಿಯುತ್ತದೆ. ವಾಸನೆಯೇ ಇಲ್ಲವೆಂದರೆ ಎಲ್ಲೋ ಸೋರಿದೆ. ಅಂಚಿನಲ್ಲಿ ಬಿಳಿ ಬೂಷ್ಟು ಕಂಡರೆ ಆ ಭಾಗ ತೆಗೆದು ತಿಪ್ಪೆಗೆ ಹಾಕಿ.

ಒಂದೇ ಬದಿ ತೆರೆದು ಆ ದಿನಕ್ಕೆ ಬೇಕಾದಷ್ಟನ್ನು ತೆಗೆದು ಮತ್ತೆ ಮುಚ್ಚಿ. ತೆಗೆದದ್ದನ್ನು ನೆರಳಿನಲ್ಲಿ ಹರವಿ ಖಾರ ವಾಸನೆ ಹೋಗುವವರೆಗೆ, ಒಂದೆರಡು ಗಂಟೆ ಬಿಟ್ಟು ಹಾಕಿ. ಮೊದಲ ದಿನಗಳಲ್ಲಿ ಕಾಲು ಪಾಲು ಉಪಚರಿಸಿದ್ದು, ಮುಕ್ಕಾಲು ಪಾಲು ಮಾಮೂಲು ಹುಲ್ಲು. ಹತ್ತು ದಿನದಲ್ಲಿ ಪೂರ್ತಿಗೆ ಏರಿಸಿ. ಜೊತೆಗೆ ಖನಿಜ ಮಿಶ್ರಣ ದಿನಕ್ಕೆ 50 ಗ್ರಾಂ ಮತ್ತು ಒಂದಿಷ್ಟು ಹಸಿಮೇವು ಬೇಕು. ಒಣ ಹುಲ್ಲಿನಲ್ಲಿ ಎ ಜೀವಸತ್ವ ಇರುವುದಿಲ್ಲ, ಯೂರಿಯಾ ಅದನ್ನು ತಂದುಕೊಡುವುದೂ ಇಲ್ಲ. ಹತ್ತಿಕಾಳು ಹಿಂಡಿಯನ್ನು ಸ್ವಲ್ಪ ಇಳಿಸಬಹುದು. ಹಿಂಡುವ ಎಮ್ಮೆಗೆ ಪೂರ್ತಿ ನಿಲ್ಲಿಸಬಾರದು. ಆರು ತಿಂಗಳೊಳಗಿನ ಕರುಗಳಿಗೆ ಈ ಮೇವು ಬೇಡ, ಅವುಗಳ ಹೊಟ್ಟೆ ಇನ್ನೂ ಇದಕ್ಕೆ ಸಿದ್ಧವಾಗಿರುವುದಿಲ್ಲ. ಕುದುರೆ, ಕತ್ತೆಗಳಿಗೂ ಬೇಡ.

ಅರ್ಧ ಒಣಗಿದ ಬಡ ಹುಲ್ಲಿದ್ದರೆ

ಮಳೆಗೆ ಸಿಕ್ಕ ಬಲಿತ ಕರಡ 30 ಪ್ರತಿಶತ ತೇವದಲ್ಲಿ ನಿಂತಿದೆ, ಬೂಷ್ಟು ಇನ್ನೂ ಹಿಡಿದಿಲ್ಲ ಎಂದುಕೊಳ್ಳಿ. ಇಂಥದ್ದಕ್ಕೆ ಪ್ರೊಪಿಯಾನಿಕ್ ಆಮ್ಲ ಬಿಟ್ಟು ಯೂರಿಯಾವನ್ನೇ ಆರಿಸಿ, ತೇವವೂ ಕೆಲಸಕ್ಕೆ ಬರುತ್ತದೆ. ಆದರೆ ಅಳತೆ ಬದಲಾಗುತ್ತದೆ. ಮಾಮೂಲು 100 ಕೆಜಿ ಹುಲ್ಲಿನಲ್ಲಿ ಒಣ ಅಂಶ 90 ಕೆಜಿ ಇರುತ್ತದೆ, ಇದರಲ್ಲಿ 70 ಮಾತ್ರ. ಆದ್ದರಿಂದ ಯೂರಿಯಾ 3.1 ಕೆಜಿ. ಒಟ್ಟು ತೇವ 40 ಪ್ರತಿಶತಕ್ಕೆ ತರಲು 17 ಲೀಟರ್ ನೀರು ಸಾಕು. ಇಲ್ಲಿಯೂ 50 ಲೀಟರ್ ಸುರಿದರೆ ತಳದಲ್ಲಿ ರಸ ಇಳಿದು ಕೊಳೆಯುತ್ತದೆ.

ಬೂಷ್ಟು ಆಗಲೇ ಹಿಡಿದಿದ್ದರೆ ಯೂರಿಯಾದಿಂದ ತೊಳೆದುಹೋಗುತ್ತದೆಂದು ಭಾವಿಸಬೇಡಿ. ಅಮೋನಿಯಾ ಬೂಷ್ಟನ್ನು ಕೊಂದರೂ ಅದು ಬಿಟ್ಟ ವಿಷ ಉಳಿಯಬಹುದು. ಬೂಷ್ಟು ಹಿಡಿದ ಭತ್ತದ ಹುಲ್ಲು ತಿಂದ ಎಮ್ಮೆಗಳಿಗೆ ಕಿವಿ, ಬಾಲದ ತುದಿ, ಗೊರಸು ಕೊಳೆತು ಉದುರುವ ಡೆಗ್ನಾಲಾ ಎಂಬ ರೋಗಕ್ಕೆ ಫ್ಯುಸೇರಿಯಂ ಜಾತಿಯ ಬೂಷ್ಟೇ ಕಾರಣವೆಂದು ಹೇಳುತ್ತಾರೆ. ಅಂಥ ಹುಲ್ಲು ಗೊಬ್ಬರಕ್ಕೆ ಹೋಗಲಿ.

ಒಳ್ಳೆಯ ಹುಲ್ಲಿಗೆ ಯೂರಿಯಾ ಏಕೆ ಬೇಡ

ಹಸಿರು ಬಣ್ಣ ಉಳಿದ, ಎಲೆ ತುಂಬಿದ ಮೇವಿನಲ್ಲಿ ಸಕ್ಕರೆ ಇರುತ್ತದೆ. ಅಮೋನಿಯಾ ಆ ಸಕ್ಕರೆಯ ಜೊತೆ ಶಾಖದಲ್ಲಿ ಸೇರಿದರೆ ಮೀಥೈಲ್ ಇಮಿಡಜೋಲ್ ಗುಂಪಿನ ವಿಷ ಹುಟ್ಟುತ್ತದೆ. ತಿಂದ ದನ ಬೆಚ್ಚಿ ಓಡುತ್ತದೆ, ಗಿರಗಿರ ಸುತ್ತುತ್ತದೆ, ಗೋಡೆಗೆ ಹಾಯುತ್ತದೆ, ನಡುಗಿ ಬೀಳುತ್ತದೆ. ಹಾಲಿನ ಮೂಲಕ ಕರುವಿಗೂ ಹೋಗುತ್ತದೆ. ಓಟ್ಸ್, ಹಸಿರಿರುವಾಗ ಒಣಗಿಸಿದ ಮೇವಿನ ಜೋಳ, ಕುದುರೆಮಸಾಲೆ, ಶೇಂಗಾ ಬಳ್ಳಿ ಇವಕ್ಕೆ ಯೂರಿಯಾ ಮುಚ್ಚಿಗೆ ಎಂದೂ ಬೇಡ. ಅದೇ ಕಾರಣಕ್ಕೆ ರುಚಿ ಬರಲೆಂದು ಯೂರಿಯಾ ಬಣವೆಯೊಳಗೆ ಬೆಲ್ಲ, ಕಾಕಂಬಿ ಸುರಿದು ಮುಚ್ಚುವುದು ಅಪಾಯ. ಬೆಲ್ಲ ಬೇಕಿದ್ದರೆ ತೆರೆದ ಮೇಲೆ, ತಿನ್ನಿಸುವ ಹೊತ್ತಿಗೆ ಚಿಮುಕಿಸಿ.

ಯೂರಿಯಾ-ಕಾಕಂಬಿ ಚಿಮುಕಿಸುವುದು

ಹೆಸರು ಒಂದೇ ಥರ ಇರುವುದರಿಂದ ಇದನ್ನೂ ಮೇಲಿನದನ್ನೂ ಒಂದೇ ಎಂದುಕೊಳ್ಳುವವರು ಬಹಳ. ಇಲ್ಲಿ ಮುಚ್ಚುವುದಿಲ್ಲ, ಕಾಯುವುದಿಲ್ಲ, ಚಿಮುಕಿಸಿದ ದಿನವೇ ತಿನ್ನಿಸುವುದು. ನಾರು ಸಡಿಲವಾಗುವುದಿಲ್ಲ. ಯೂರಿಯಾ ಯೂರಿಯಾವಾಗಿಯೇ ದನದ ಹೊಟ್ಟೆ ಸೇರಿ ಅಲ್ಲಿ ಒಡೆಯುತ್ತದೆ, ಕಾಕಂಬಿಯ ಸಕ್ಕರೆ ಇದ್ದರೆ ಸೂಕ್ಷ್ಮಜೀವಿಗಳು ಅದನ್ನು ಪ್ರೋಟೀನ್ ಮಾಡಿಕೊಳ್ಳುತ್ತವೆ. ಹೀಗಾಗಿ ಅಳತೆ ಕಠಿಣ: 100 ಕೆಜಿ ಹುಲ್ಲಿಗೆ ಯೂರಿಯಾ 1 ಕೆಜಿ, ಕಾಕಂಬಿ 10 ಕೆಜಿ, ಉಪ್ಪು 1 ಕೆಜಿ, ಖನಿಜ ಮಿಶ್ರಣ 1 ಕೆಜಿ, ನೀರು 15 ಲೀಟರ್. ಯೂರಿಯಾ ಮೊದಲು ನೀರಿನಲ್ಲಿ ಕರಗಬೇಕು, ಆಮೇಲೆ ಉಳಿದವು. 6 ಕೆಜಿ ಹುಲ್ಲು ತಿನ್ನುವ ಎತ್ತಿಗೆ ಇದರಿಂದ ದಿನಕ್ಕೆ ಸುಮಾರು 60 ಗ್ರಾಂ ಯೂರಿಯಾ ಹೋಗುತ್ತದೆ. ಒಂದು ಕಡೆ ಕರಗದ ಗಡ್ಡೆ ಉಳಿದರೆ ಆ ಗಡ್ಡೆ ಸಿಕ್ಕ ದನಕ್ಕೆ ಕುತ್ತು.

ಧಾರವಾಡದ ಸೋಯಾ ಬೆಳೆಗಾರರು ಒಂದು ಮಾತು ಗಮನದಲ್ಲಿಡಬೇಕು. ಹುರಿಯದ, ಬೇಯಿಸದ ಸೋಯಾ ಕಾಳಿನಲ್ಲಿ ಯೂರಿಯೇಸ್ ಧಾರಾಳವಾಗಿದೆ. ಯೂರಿಯಾ ಚಿಮುಕಿಸಿದ ಹುಲ್ಲಿನ ಜೊತೆ ಹಸಿ ಸೋಯಾ ನುಚ್ಚು ಹಾಕಿದರೆ ಅಮೋನಿಯಾ ಒಮ್ಮೆಲೇ ಬಿಡುಗಡೆಯಾಗಿ ವಿಷವೇರುತ್ತದೆ.

ಮುಚ್ಚಿಗೆಗೆ ಹೋಲಿಸಿದರೆ ಇದು ತಕ್ಷಣದ ಉಪಾಯ. ಹಾಳೆ ಹಾಸಲು ಜಾಗವಿಲ್ಲದ, ಎರಡೇ ದನ ಇರುವ ಮನೆಗೆ ಹೊಂದುತ್ತದೆ. ಹುಲ್ಲು ಒಳ್ಳೆಯದಿದ್ದು ರುಚಿ ಮಾತ್ರ ಕಡಿಮೆಯಿದ್ದರೆ ಯೂರಿಯಾ ಬಿಟ್ಟು ಕಾಕಂಬಿ, ಉಪ್ಪು, ಖನಿಜ ಮಿಶ್ರಣ ಮಾತ್ರ ಚಿಮುಕಿಸುವುದು ಇನ್ನೂ ನಿಶ್ಚಿಂತೆ.

ಕೇಳಿಬರುವ ಉಳಿದವು

ಅಮೋನಿಯಾ ಅನಿಲ: 100 ಕೆಜಿಗೆ 3 ಕೆಜಿ ಬಿಟ್ಟರೆ ಯೂರಿಯಾ ಮಾಡುವ ಕೆಲಸವನ್ನೇ ಇನ್ನೂ ಚೆನ್ನಾಗಿ ಮಾಡುತ್ತದೆ. ಆದರೆ ಒತ್ತಡದ ಸಿಲಿಂಡರ್, ಕೊಳವೆ, ತರಬೇತಿ ಪಡೆದ ಕೈ ಬೇಕು. ಸೋರಿದರೆ ಕಣ್ಣು, ಶ್ವಾಸಕೋಶ ಸುಡುತ್ತದೆ. ಶೀತಲಗೃಹಕ್ಕೆ ಬರುವ ಸಿಲಿಂಡರನ್ನು ಹೊಲಕ್ಕೆ ತರುವ ಆಲೋಚನೆ ಬಿಟ್ಟುಬಿಡಿ.

ಕಾಸ್ಟಿಕ್ ಸೋಡಾ: ಜರ್ಮನಿಯ ಬೆಕ್‌ಮನ್ ನೂರು ವರ್ಷಗಳ ಹಿಂದೆ ಹುಲ್ಲನ್ನು ಇದರ ತೆಳು ದ್ರಾವಣದಲ್ಲಿ ನೆನೆಸಿ ತೊಳೆಯುವ ಕ್ರಮ ತೋರಿಸಿದ. ಜೀರ್ಣಶಕ್ತಿ ಏರಿಸುವುದರಲ್ಲಿ ಇದನ್ನು ಮೀರಿಸಿದ್ದು ಕಡಿಮೆ. ಆದರೆ ತೊಳೆಯಲು ವಿಪರೀತ ನೀರು ಬೇಕು, ತೊಳೆಯದೆ ತಿನ್ನಿಸಿದರೆ ಸೋಡಿಯಂ ಮೂತ್ರದಲ್ಲಿ ಬಂದು ತಿಪ್ಪೆಗೊಬ್ಬರದ ಮೂಲಕ ಹೊಲ ಸೇರುತ್ತದೆ. ನವಲಗುಂದ, ನರಗುಂದ, ರೋಣದ ಎರೆ ಭೂಮಿಗೆ ಸೋಡಿಯಂ ಸೇರಿಸುವುದು ಎಂದರೆ ಮಣ್ಣನ್ನು ಗಟ್ಟಿ ಮಾಡಿ ನೀರು ಇಂಗದಂತೆ ಮಾಡುವುದು. ಪ್ರೋಟೀನೂ ಏರುವುದಿಲ್ಲ.

ಸುಣ್ಣ ಅಗ್ಗ, ಕೈಗೆ ಸಿಗುತ್ತದೆ. 100 ಕೆಜಿಗೆ 4ರಿಂದ 5 ಕೆಜಿ ಬೇಕು. ದುರ್ಬಲ ಕ್ಷಾರವಾದ್ದರಿಂದ ಕೆಲಸ ನಿಧಾನ. ಅಮೋನಿಯಾ ಇಲ್ಲದ ಕಾರಣ ಒದ್ದೆ ಹುಲ್ಲಿಗೆ ಬೂಷ್ಟು ಹಿಡಿಯುತ್ತದೆ. ಕ್ಯಾಲ್ಸಿಯಂ ಅತಿಯಾಗಿ ರಂಜಕದ ಸಮತೋಲ ಕೆಡುತ್ತದೆ. ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣ ಕುದುರೆಮಸಾಲೆಯನ್ನು ಬೇಗ ಒಣಗಿಸುತ್ತದೆ, ಹುಲ್ಲುಜಾತಿಗೆ ಹೇಳಿಕೊಳ್ಳುವಂಥ ಪರಿಣಾಮವಿಲ್ಲ. ಬ್ಯಾಕ್ಟೀರಿಯಾ ಪುಡಿಗಳ ಜಾಗ ರಸಮೇವು. ತೇವದ ಒಣಹುಲ್ಲಿನಲ್ಲಿ ಅವುಗಳ ಫಲ ಒಂದು ಸಲ ಇದ್ದಂತೆ ಇನ್ನೊಂದು ಸಲ ಇರುವುದಿಲ್ಲ.

ನಿಮ್ಮ ಊರಿಗೆ ಯಾವುದು

ಹಾನಗಲ್ಲ, ಕಲಘಟಗಿ ಭತ್ತದ ಹುಲ್ಲಿಗೆ ಯೂರಿಯಾ ಮುಚ್ಚಿಗೆ, ಎರಡನೇ ಮಾತಿಲ್ಲ. ನವೆಂಬರ್ ಕೊನೆಗೆ ಒಕ್ಕಣೆ ಮುಗಿದು ಹುಲ್ಲು ಒಣಗಿದ ಮೇಲೆ, ಮಳೆಯ ಭಯ ಇಲ್ಲದ ಡಿಸೆಂಬರಿನಲ್ಲಿ ಹಾಕಿ. ಯೂರಿಯಾ ಮೇಲುಗೊಬ್ಬರದ ಹೊತ್ತಿನಲ್ಲಿ ಸರತಿ ನಿಲ್ಲಬೇಕಾಗುತ್ತದೆ, ಆ ಗಡಿಬಿಡಿ ಮುಗಿದ ಮೇಲೆ ತಂದಿಟ್ಟುಕೊಳ್ಳಿ.

ಹಾವೇರಿಯ ಗೋವಿನಜೋಳದ ಸೊಪ್ಪೆಗೂ ಅದೇ, ಕತ್ತರಿಸಿ ಮಾಡಬೇಕು. ಇದರಲ್ಲಿ ಮೇಲಿನ ಎಲೆ ಒಣಗಿ ದಂಟು ಹಸಿ ಉಳಿಯುವುದರಿಂದ ತೇವದ ಪರೀಕ್ಷೆಗೆ ದಂಟು, ಎಲೆ ಎರಡನ್ನೂ ಇರುವ ಪ್ರಮಾಣದಲ್ಲೇ ತೆಗೆದುಕೊಳ್ಳಿ. ತೆನೆ ಮುರಿದ ಕೂಡಲೇ ಸೊಪ್ಪೆ ಇನ್ನೂ ಅರ್ಧ ಹಸಿರಿದ್ದರೆ ಯೂರಿಯಾ ಮುಚ್ಚಿಗೆ ಬೇಡ, ಒಣಗಲು ಬಿಡಿ.

ಕಪ್ಪತಗುಡ್ಡದ ಸುತ್ತ, ಶಿರಹಟ್ಟಿ, ಮುಂಡರಗಿ ಕಡೆಯ ಕರಡದ ವಿಷಯದಲ್ಲಿ ಔಷಧಕ್ಕಿಂತ ಕುಡುಗೋಲು ದೊಡ್ಡದು. ಬೀಜ ಉದುರುವ ತನಕ ಕಾಯದೆ ಹೂಬಿಡುವ ಹೊತ್ತಿಗೆ ಕೊಯ್ದರೆ ತೂಕ ಸ್ವಲ್ಪ ಕಡಿಮೆ ಸಿಗುತ್ತದೆ, ಸತ್ವ ಬಹಳ ಹೆಚ್ಚು ಉಳಿಯುತ್ತದೆ. ಅದಕ್ಕೆ ಉಪ್ಪು, ಬಿಸಿಲು ಸಾಕು. ಬೀಜ ಉದುರಿದ ಮೇಲೆ ಕೊಯ್ದಿದ್ದರೆ ಯೂರಿಯಾ.

ಅಣ್ಣಿಗೇರಿ, ಗದಗ, ರೋಣದ ಹಿಂಗಾರಿ ಜೋಳದ ಕಣಕಿ ಮಾಘ, ಫಾಲ್ಗುಣದ ಬಿಸಿಲಲ್ಲಿ ಕೊಯ್ಲಾಗುವುದರಿಂದ ತೇವದ ಚಿಂತೆಯೇ ಇಲ್ಲ, ಸತ್ವವೂ ಭತ್ತದ ಹುಲ್ಲಿಗಿಂತ ಮೇಲು. ಸಿವುಡು ಕಟ್ಟಿ ನೆಲದಿಂದ ಎತ್ತರಕ್ಕೆ ಬಣವೆ ಒಟ್ಟಿ, ಅಡ್ಡಮಳೆಗೆ ಮೊದಲು ತಾಡಪತ್ರಿ ಹೊದಿಸಿ, ತಿನ್ನಿಸುವಾಗ ಕತ್ತರಿಸಿ. ಎರಡು ವರ್ಷ ಬಿಸಿಲು ತಿಂದು ಬಿಳುಚಿದ ಹಳೆಯ ಕಣಕಿಗೆ ಮಾತ್ರ ಯೂರಿಯಾ ಯೋಚಿಸಿ. ಶೇಂಗಾ ಬಳ್ಳಿ, ಕಡಲೆ ಹೊಟ್ಟು, ಹೆಸರು ಹೊಟ್ಟುಗಳಿಗೆ ಯಾವ ರಾಸಾಯನಿಕವೂ ಬೇಡ. ಅವನ್ನು ಉಪಚರಿಸಿದ ಹುಲ್ಲಿನ ಜೊತೆ ಬೆರೆಸಿ ಕೊಟ್ಟರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ವಿಷವೇರಿದರೆ

ಯೂರಿಯಾದಿಂದ ದನ ಸಾಯುವುದು ಹೆಚ್ಚಾಗಿ ಉಪಚರಿಸಿದ ಹುಲ್ಲಿನಿಂದಲ್ಲ, ಕಲಸಿಟ್ಟ ದ್ರಾವಣವನ್ನು ನೀರೆಂದು ಕುಡಿದು. ಚಿಮುಕಿಸುವ ದಿನ ದನಗಳನ್ನು ದೂರ ಕಟ್ಟಿ, ಬ್ಯಾರೆಲ್ ಮುಚ್ಚಿ, ಉಳಿದದ್ದನ್ನು ಗದ್ದೆಗೆ ಚೆಲ್ಲಿ, ಬಕೆಟ್ ತೊಳೆದಿಡಿ. ಅರ್ಧ ಗಂಟೆಯಲ್ಲೇ ಚರ್ಮ ನಡುಗುವುದು, ನೊರೆ ಸುರಿಯುವುದು, ಹೊಟ್ಟೆ ಉಬ್ಬುವುದು, ಉಸಿರು ಏರುವುದು ಕಂಡರೆ ಪಶುವೈದ್ಯರನ್ನು ಕರೆಯಿರಿ. 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಸಿಗುತ್ತದೆ. ಅವರು ಬರುವಷ್ಟರಲ್ಲಿ, ದನ ನುಂಗುವ ಸ್ಥಿತಿಯಲ್ಲಿದ್ದರೆ, ಅಡುಗೆಯ ವಿನೆಗರ್ 2ರಿಂದ 4 ಲೀಟರನ್ನು ಅಷ್ಟೇ ತಣ್ಣೀರಿನಲ್ಲಿ ಬೆರೆಸಿ ನಿಧಾನವಾಗಿ ಕುಡಿಸಿ, ಮೇಲೆ ಇನ್ನಷ್ಟು ತಣ್ಣೀರು ಕೊಡಿ. ಹುಳಿ ಅಮೋನಿಯಾವನ್ನು ಹಿಡಿಯುತ್ತದೆ, ತಂಪು ಅದರ ಬಿಡುಗಡೆಯನ್ನು ನಿಧಾನಗೊಳಿಸುತ್ತದೆ. ಬಿದ್ದು ಒದ್ದಾಡುವ ದನದ ಬಾಯಿಗೆ ಸುರಿಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಯೂರಿಯಾ ಬಳಸುವ ಕೊಟ್ಟಿಗೆಯಲ್ಲಿ ನಾಲ್ಕು ಬಾಟಲಿ ವಿನೆಗರ್ ಮೊದಲೇ ತಂದಿಟ್ಟಿರಬೇಕು, ರಾತ್ರಿ ಹನ್ನೊಂದಕ್ಕೆ ಹಳ್ಳಿಯಲ್ಲಿ ಅದು ಸಿಗುವುದಿಲ್ಲ.